ರೈಲು ಹಳಿ ತಪ್ಪಿದ ಮೊದಲ ದಿನ: ಸುದ್ದಿಯನ್ನು ಹೇಗೆ ಓದಬೇಕು?

ನಾಲತವಾಡಕ್ಕೆ ರೈಲು ಇಲ್ಲ. ಮುದ್ದೇಬಿಹಾಳ ತಾಲ್ಲೂಕಿನ ನಮ್ಮ ಕಡೆಯವರಿಗೆ ರೈಲು ಅಂದ್ರೆ ಆಲಮಟ್ಟಿ ಸ್ಟೇಷನ್. ಆಲಮಟ್ಟಿ–ಯಾದಗಿರಿ ಮಾರ್ಗ ಬೇಕು ಅನ್ನೋ ಬೇಡಿಕೆ ನಾವು ಹುಟ್ಟೋದಕ್ಕಿಂತ ಹಳೇದು. ಹಳಿ ಇನ್ನೂ ಬಂದಿಲ್ಲ, ಆದ್ರೆ ರೈಲಿನ ಸುದ್ದಿ ಮಾತ್ರ ತಡ ಮಾಡದೆ ಬರುತ್ತೆ. ದೇಶದಲ್ಲಿ ಎಲ್ಲೇ ರೈಲು ಹಳಿ ತಪ್ಪಲಿ, ಅರ್ಧ ಗಂಟೆಯಲ್ಲಿ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ವಿಡಿಯೋ ಇರುತ್ತೆ. ಇನ್ನರ್ಧ ಗಂಟೆಯಲ್ಲಿ ಕಾರಣವೂ ಬಂದಿರುತ್ತೆ. "ಬೇಕಂತ ಮಾಡ್ಯಾರ" ಅಂತ ಒಬ್ಬರು, "ಡ್ರೈವರ್ ನಿದ್ದಿ ಹತ್ತಿದ್ನಂತ" ಅಂತ ಇನ್ನೊಬ್ಬರು. ಆಮೇಲೆ ಊರಿನ ಹಿರಿಯರು ಯಾರಾದ್ರೂ ನಮ್ಮನ್ನ ಕೇಳ್ತಾರೆ: "ಏನ್ ತಮ್ಮಾ, ಎಂಜಿನಿಯರಿಂಗ್ ಓದಾಕತ್ತೀಯಲ್ಲ, ಹೆಂಗಾತಂತ ಹೇಳು ನೋಡೋಣು?"

ಈ ಪ್ರಶ್ನೆಗೆ ಉತ್ತರ ಕೊಡೋದು ನಮಗೆ ಎರಡು ಕಾರಣಕ್ಕೆ ಕಷ್ಟ. ಒಂದು, ಅವತ್ತು ಕಾರಣ ಯಾರಿಗೂ ಗೊತ್ತಿರೋದಿಲ್ಲ. ಎರಡು, ಗೊತ್ತಾದ ಮೇಲೂ ಅದನ್ನ ಕನ್ನಡದಲ್ಲಿ ಹೇಳೋಕೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಬಾಯಿ ಬರೋದಿಲ್ಲ. ವದಂತಿ ಕನ್ನಡದಲ್ಲಿ ಓಡಾಡುತ್ತೆ, ತನಿಖೆಯ ವಿವರ ಇಂಗ್ಲಿಷಿನಲ್ಲೇ ಉಳಿದುಬಿಡುತ್ತೆ. ಹಾಗಾಗಿ ಈ ಸಂಚಿಕೆಯ ಅಧ್ಯಯನ ಲೇಖನಕ್ಕೆ ಇದೇ ವಿಷಯ ತಗೊಂಡಿದ್ದೀವಿ. ಎರಡು ಅಪಘಾತಗಳನ್ನು ಪಕ್ಕಪಕ್ಕ ಇಟ್ಟು, ಮೊದಲ ದಿನ ಏನು ಹೇಳಿದ್ರು, ಕೊನೆಗೆ ಏನು ಗೊತ್ತಾಯ್ತು, ನಡುವೆ ಯಾವ ಪ್ರಶ್ನೆ ಕಳೆದುಹೋಯ್ತು ಅಂತ ನೋಡೋಣ.

1. ಬಾಲಸೋರ್: ಏನಾಯಿತು?

2023ರ ಜೂನ್ 2, ಶುಕ್ರವಾರ, ಸಂಜೆ ಏಳಕ್ಕೆ ಸ್ವಲ್ಪ ಮುಂಚೆ. ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರ್ ಅನ್ನೋ ಸಣ್ಣ ಸ್ಟೇಷನ್. ಶಾಲಿಮಾರ್‌ನಿಂದ ಚೆನ್ನೈಗೆ ಹೊರಟಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲೋ ಹಾಗಿರಲಿಲ್ಲ, ಮೇನ್ ಲೈನಿನಲ್ಲಿ ನೇರ ಹೋಗಬೇಕಿತ್ತು. ಅದಕ್ಕೆ ಹಸಿರು ಸಿಗ್ನಲ್ಲೂ ಸಿಕ್ಕಿತ್ತು. ಆದ್ರೆ ರೈಲು ಪಕ್ಕದ ಲೂಪ್ ಲೈನಿಗೆ ತಿರುಗಿತು. ಅಲ್ಲಿ ಕಬ್ಬಿಣದ ಅದಿರು ತುಂಬಿದ ಗೂಡ್ಸ್ ರೈಲು ನಿಂತಿತ್ತು. ಗಂಟೆಗೆ ಸುಮಾರು 128 ಕಿಲೋಮೀಟರ್ ವೇಗದಲ್ಲಿ ಹೋಗಿ ಅದಕ್ಕೆ ಬಡಿಯಿತು. ಕೋರಮಂಡಲ್‌ನ ಬೋಗಿಗಳು ಹಳಿ ತಪ್ಪಿ ಚೆಲ್ಲಾಪಿಲ್ಲಿಯಾದವು.

ಅದೇ ಹೊತ್ತಿಗೆ ಎದುರಿನ ಲೈನಿನಲ್ಲಿ ಇನ್ನೊಂದು ರೈಲು ದಾಟ್ತಾ ಇತ್ತು: ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೌರಾಕ್ಕೆ ಹೊರಟಿದ್ದ ಸೂಪರ್‌ಫಾಸ್ಟ್. ಅದರ ಹೆಚ್ಚಿನ ಭಾಗ ಮುಂದೆ ಹೋಗಿಯಾಗಿತ್ತು. ಉರುಳಿದ ಬೋಗಿಗಳು ಅದರ ಹಿಂದಿನ ಬೋಗಿಗಳಿಗೆ ಬಡಿದವು. ಹಿಂದೆ ಇದ್ದದ್ದು ಜನರಲ್ ಬೋಗಿ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

2. ಮೊದಲ ಕೆಲವು ದಿನ ಏನೇನು ಹೇಳಿದ್ರು?

ಮೊದಲು ಸಾವಿನ ಸಂಖ್ಯೆ. ಮೊದಲ ರಾತ್ರಿ ಕೆಲವು ಹತ್ತುಗಳಲ್ಲಿದ್ದದ್ದು ಮರುದಿನ 288 ಆಯ್ತು. ಜೂನ್ 4ಕ್ಕೆ ಒಡಿಶಾ ಸರ್ಕಾರ, ಕೆಲವು ಶವಗಳನ್ನ ಎರಡು ಸಲ ಎಣಿಸಿದ್ದಾರೆ ಅಂತ ಹೇಳಿ 275 ಅಂತ ತಿದ್ದಿತು. ಜೂನ್ 6ಕ್ಕೆ ಮತ್ತೆ 288 ಆಯ್ತು. ಆಮೇಲೆ ಆಸ್ಪತ್ರೆಯಲ್ಲಿದ್ದವರೂ ತೀರಿಕೊಂಡು ಲೆಕ್ಕ 290 ದಾಟಿತು. ಇಷ್ಟು ದೊಡ್ಡ ಅಪಘಾತದಲ್ಲಿ ಎಣಿಕೆ ಹಿಂದೆಮುಂದೆ ಆಗೋದು ಸಹಜ. ಆದ್ರೆ 288 ಇದ್ದದ್ದು 275 ಆದ ತಕ್ಷಣ "ಸರ್ಕಾರ ಹೆಣ ಮುಚ್ಚಿಡ್ತಾ ಇದೆ" ಅನ್ನೋ ಮಾತು ಶುರುವಾಯ್ತು. ಲೆಕ್ಕ ತಿದ್ದಿದ್ದೇ ಮೋಸಕ್ಕೆ ಸಾಕ್ಷಿ ಅನ್ನೋ ಹಾಗೆ.

ಎರಡನೇದು ಫೋಟೋ. ಡ್ರೋನಿನಿಂದ ತೆಗೆದ ಅಪಘಾತದ ಚಿತ್ರದಲ್ಲಿ ಹಳಿಯ ಹತ್ತಿರ ಒಂದು ಬಿಳಿ ಕಟ್ಟಡ ಕಾಣ್ತಾ ಇತ್ತು. ಅದಕ್ಕೆ ಬಾಣದ ಗುರುತು ಹಾಕಿ, "ಇದು ಮಸೀದಿ, ನಿನ್ನೆ ಶುಕ್ರವಾರ" ಅಂತ ಬರೆದು ಹಂಚಿದ್ರು. ಅದು ಮಸೀದಿ ಆಗಿರಲಿಲ್ಲ, ಇಸ್ಕಾನ್ ದೇವಸ್ಥಾನ. ಸ್ಟೇಷನ್ ಮಾಸ್ಟರ್ ಒಬ್ಬ ಮುಸ್ಲಿಂ, ಓಡಿಹೋಗಿದ್ದಾನೆ ಅಂತಲೂ ಹಬ್ಬಿಸಿದ್ರು, ಅದೂ ಸುಳ್ಳು. ಜೂನ್ 4ರಂದು ಒಡಿಶಾ ಪೊಲೀಸರು, ಅಪಘಾತಕ್ಕೆ ಕೋಮು ಬಣ್ಣ ಕೊಡೋರ ಮೇಲೆ ಕ್ರಮ ತಗೋತೀವಿ ಅಂತ ಎಚ್ಚರಿಸಬೇಕಾಯ್ತು. ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಅದು ನಿಜವಾಗಿ ಮಸೀದಿಯೇ ಆಗಿದ್ದಿದ್ರೆ ಏನು ಸಾಬೀತಾಗ್ತಿತ್ತು? ಏನೂ ಇಲ್ಲ. ಹಳಿಯ ಪಕ್ಕದ ಕಟ್ಟಡಕ್ಕೂ ಪಾಯಿಂಟು ತಿರುಗಿದ್ದಕ್ಕೂ ಸಂಬಂಧವೇ ಇಲ್ಲ. ಫ್ಯಾಕ್ಟ್ ಚೆಕ್ ಮಾಡೋವಾಗ "ಇದು ಸುಳ್ಳು" ಅಂತ ಹೇಳಿ ನಿಲ್ಲಿಸಿದ್ರೆ ಅರ್ಧ ಕೆಲಸ ಮಾತ್ರ ಆಗುತ್ತೆ. "ನಿಜವಾಗಿದ್ರೂ ಇದರಿಂದ ಏನೂ ಸಾಬೀತಾಗಲ್ಲ" ಅಂತಲೂ ಹೇಳಬೇಕು.

ಮೂರನೇದು ನಮ್ಮ ಪಕ್ಕದ ಜಿಲ್ಲೆಯದ್ದೇ. ಹಳಿ ಮೇಲೆ ಕಲ್ಲಿಟ್ಟ ಹುಡುಗನೊಬ್ಬನನ್ನ ಹಿಡಿದು ಬೈಯೋ ವಿಡಿಯೋ ಬಾಲಸೋರ್ ಆದ ಮೂರ್ನಾಲ್ಕು ದಿನಕ್ಕೆ ದೇಶವೆಲ್ಲ ಸುತ್ತಿತು. ಅದು ಕಲಬುರಗಿ ಕಡೆಯದ್ದು, ಆದ್ರೆ 2018ರದ್ದು. ಸಣ್ಣ ಹುಡುಗ ಅಂತ ಬುದ್ಧಿ ಹೇಳಿ ಕಳಿಸಿದ್ದ ಹಳೇ ಪ್ರಕರಣ. ಐದು ವರ್ಷ ಹಳೇ ವಿಡಿಯೋಗೆ ಹೊಸ ತಾರೀಖು, ಹೊಸ ಅರ್ಥ ಬಂತು.

ನಾಲ್ಕನೇದು ಓದಿದವರ ಊಹೆ. "ಕವಚ್ ಇದ್ದಿದ್ರೆ ಹೀಗಾಗ್ತಿರಲಿಲ್ಲ" ಅನ್ನೋ ಮಾತು ಟಿವಿಯಲ್ಲೂ ಕ್ಯಾಂಪಸ್ಸುಗಳಲ್ಲೂ ಜೋರಾಗಿತ್ತು. ಕೇಳೋಕೆ ಇದು ವದಂತಿ ಥರ ಇಲ್ಲ, ತಾಂತ್ರಿಕವಾಗಿದೆ. ಆ ಮಾರ್ಗದಲ್ಲಿ ಕವಚ್ ಇರಲಿಲ್ಲ ಅನ್ನೋದೂ ನಿಜ. ಆದ್ರೆ ಕವಚ್ ಕೆಲಸ ಮಾಡೋದು ಸಿಗ್ನಲ್ ವ್ಯವಸ್ಥೆ ಕೊಡೋ ಮಾಹಿತಿ ನಂಬಿಕೊಂಡು. ಲೋಕೊ ಪೈಲಟ್ ಕೆಂಪು ಸಿಗ್ನಲ್ ದಾಟಿದ್ರೆ, ವೇಗದ ಮಿತಿ ಮೀರಿದ್ರೆ ಅದು ಬ್ರೇಕ್ ಹಾಕುತ್ತೆ. ಇಲ್ಲಿ ಸಿಗ್ನಲ್ಲೇ ಹಸಿರು ತೋರಿಸ್ತಾ ಇತ್ತು, ವೇಗವೂ ಮಿತಿಯೊಳಗೇ ಇತ್ತು. ಈ ಅಪಘಾತವನ್ನ ಕವಚ್ ತಡೀತಿರಲಿಲ್ಲ ಅಂತ ರೈಲ್ವೆ ಮಂಡಳಿಯೂ ಹೇಳಿತು. ಊಹೆಗೆ ತಾಂತ್ರಿಕ ಪದ ಸೇರಿಸಿದ ಮಾತ್ರಕ್ಕೆ ಅದು ವಿಶ್ಲೇಷಣೆ ಆಗಲ್ಲ. ಎಂಜಿನಿಯರಿಂಗ್ ಓದೋ ನಾವು ಬೀಳೋ ಹಳ್ಳ ಇದೇ.

3. ನಿಜವಾಗಿ ಏನಾಗಿತ್ತು?

ಮೊದಲು ಇಂಟರ್‌ಲಾಕಿಂಗ್ ಅಂದ್ರೇನು ಅಂತ ತಿಳ್ಕೊಳ್ಳೋಣ. ನಾಲತವಾಡದ ಕಡೆ ಯಾರಿಗೆ ಹೇಳೋದಾದ್ರೂ ನಾರಾಯಣಪುರ ಡ್ಯಾಮಿನ ಕಾಲುವೆ ನೆನಪಿಸಿದ್ರೆ ಸಾಕು. ಒಂದು ಕಾಲುವೆ ಎರಡಾಗಿ ಒಡೆಯೋ ಜಾಗದಲ್ಲಿ ಎರಡು ಗೇಟು ಇವೆ ಅಂದ್ಕೊಳ್ಳಿ. ಎಡಗಡೆ ಗೇಟು ಪೂರ್ತಿ ಮುಚ್ಚಿದೆ ಅಂತ ಖಾತ್ರಿಯಾಗದೆ ಬಲಗಡೆ ನೀರು ಬಿಡೋ ಸ್ವಿಚ್ ಒತ್ತೋಕೇ ಬರಬಾರದು, ಹಾಗೆ ಒಂದಕ್ಕೊಂದು ಬೀಗ ಹಾಕಿಡೋದೇ ಇಂಟರ್‌ಲಾಕಿಂಗ್. ರೈಲಿನಲ್ಲಿ ನೀರಿನ ಜಾಗಕ್ಕೆ ಸಿಗ್ನಲ್, ಗೇಟಿನ ಜಾಗಕ್ಕೆ ಪಾಯಿಂಟು. ಪಾಯಿಂಟು ಅಂದ್ರೆ ರೈಲನ್ನ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸೋ, ಅಲುಗಾಡೋ ಹಳಿ. ಪಾಯಿಂಟು ಸರಿಯಾದ ಕಡೆಗೆ ಕೂತು ಬೀಗ ಬಿದ್ದಿದೆ ಅಂತ ಸರ್ಕೀಟಿನಿಂದ ಖಾತ್ರಿ ಬಂದ ಮೇಲೇ ಸಿಗ್ನಲ್ ಹಸಿರಾಗಬೇಕು. ಖಾತ್ರಿ ಬರದಿದ್ರೆ ಕೆಂಪೇ ಇರಬೇಕು. ಏನೇ ಕೆಟ್ಟರೂ ವ್ಯವಸ್ಥೆ ಅಪಾಯದ ಕಡೆಗೆ ವಾಲದೆ ಸುರಕ್ಷತೆಯ ಕಡೆಗೇ ವಾಲಬೇಕು. ಇದನ್ನೇ ನಾವು ಕ್ಲಾಸಿನಲ್ಲಿ ಫೇಲ್-ಸೇಫ್ ಅಂತ ಓದೋದು.

ಬಹನಗಾದಲ್ಲಿ ಪಾಯಿಂಟು ಲೂಪ್ ಲೈನಿನ ಕಡೆಗೆ ತಿರುಗಿತ್ತು, ಆದ್ರೆ ಅದು ಮೇನ್ ಲೈನಿಗಿದೆ ಅಂತ ವ್ಯವಸ್ಥೆಗೆ ಖಾತ್ರಿ ಹೋಗಿತ್ತು. ಗೇಟು ತೆರೆದಿದೆ, ಆಫೀಸಿನ ಬೋರ್ಡಿನಲ್ಲಿ ಮುಚ್ಚಿದೆ ಅಂತ ದೀಪ ಉರೀತಿದೆ ಅನ್ನೋ ಹಾಗೆ. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಕಂಡುಕೊಂಡದ್ದನ್ನ ರೈಲ್ವೆ ಸಚಿವರು ಜುಲೈ 21ರಂದು ರಾಜ್ಯಸಭೆಗೆ ತಿಳಿಸಿದ್ರು. ಸ್ಟೇಷನ್ನಿನ ಉತ್ತರ ದಿಕ್ಕಿನ ಸಿಗ್ನಲ್ ಗುಮ್ಟಿಯಲ್ಲಿ ಹಿಂದೆ ಯಾವಾಗಲೋ ಸರ್ಕೀಟ್ ಬದಲಿಸಿದಾಗ ಆದ ಲೋಪ, ಅದರ ಮೇಲೆ 94ನೇ ನಂಬರಿನ ಲೆವೆಲ್ ಕ್ರಾಸಿಂಗಿನ ಎಲೆಕ್ಟ್ರಿಕ್ ಗೇಟು ಬದಲಿಸೋ ಕೆಲಸದಲ್ಲಿ ಆದ ಲೋಪ. ಎರಡೂ ಸೇರಿ ತಪ್ಪು ಸಿಗ್ನಲ್ ಬಂತು. ಒಳಗಿನ ವಿವರ ಇನ್ನೂ ಸಣ್ಣದು. ಕೇಬಲ್ಲುಗಳನ್ನ ಜೋಡಿಸೋ ರ‍್ಯಾಕಿನಲ್ಲಿ ಸರ್ಕೀಟಿನ ಹೆಸರು ತಪ್ಪಾಗಿ ಬರೆದಿತ್ತು. ಬದಲಾವಣೆ ಆದ ಮೇಲೂ ಹಳೇ ಲೇಬಲ್ ಹಾಗೇ ಉಳಿದಿತ್ತು. ವರ್ಷಗಟ್ಟಲೆ ಯಾರೂ ನೋಡಲಿಲ್ಲ.

ಲ್ಯಾಬಿನಲ್ಲಿ ಬ್ರೆಡ್‌ಬೋರ್ಡಿನ ವೈರಿಗೆ ಹೆಸರು ಬರೆದು ಅಂಟಿಸಿ ಅಂತ ಮೇಡಂ ಹೇಳಿದಾಗ ನಾವು ನಗ್ತೀವಲ್ಲ, ಅದೇ ಕೆಲಸ. ಅದೇ ಕೆಲಸ ತಪ್ಪಿದ್ದಕ್ಕೆ ಇಲ್ಲಿ 290ಕ್ಕೂ ಹೆಚ್ಚು ಜನ ಸತ್ತರು.

ಜುಲೈ 7ರಂದು ಸಿಬಿಐ ಮೂವರು ರೈಲ್ವೆ ನೌಕರರನ್ನ ಬಂಧಿಸಿತು. ಮೂವರೂ ಸಿಗ್ನಲ್ ವಿಭಾಗದವರು: ಇಬ್ಬರು ಎಂಜಿನಿಯರ್, ಒಬ್ಬ ಟೆಕ್ನಿಷಿಯನ್. ಆರೋಪ ಹೊರಿಸಿದ ಮಾತ್ರಕ್ಕೆ ಅಪರಾಧ ಸಾಬೀತಾದ ಹಾಗಲ್ಲ, ಅದನ್ನ ಕೋರ್ಟು ಹೇಳಬೇಕು. ನಮಗೆ ತಟ್ಟಬೇಕಾದ್ದು ಬೇರೆ: ನಾಳೆ ಆ ಬಾಕ್ಸಿನ ಮುಂದೆ ಸ್ಕ್ರೂಡ್ರೈವರ್ ಹಿಡಿದು ನಿಲ್ಲೋರು ನಮ್ಮ ಬ್ಯಾಚಿನವರೇ.

4. ಕಳೆದುಹೋದ ಪ್ರಶ್ನೆ: ಹೊಸದುರ್ಗ ರೋಡ್

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳೋದಾದ್ರೆ ಈ ಭಾಗ ನೆನಪಿಟ್ಟುಕೊಳ್ಳಿ.

ಬಾಲಸೋರ್‌ಗೆ ನಾಲ್ಕು ತಿಂಗಳು ಮೊದಲು, 2023ರ ಫೆಬ್ರವರಿ 8. ನೈಋತ್ಯ ರೈಲ್ವೆಯ ಮೈಸೂರು ವಿಭಾಗ, ಬೀರೂರು–ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರೋಡ್ ಸ್ಟೇಷನ್. ದೆಹಲಿ ಕಡೆಗೆ ಹೊರಟ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಹೊರಡೋ ಸಿಗ್ನಲ್ ಸಿಕ್ಕಿತು. ಸ್ಟೇಷನ್ ಮಾಸ್ಟರ್ ಮುಂದಿನ ಪ್ಯಾನೆಲ್‌ನಲ್ಲೂ ದಾರಿ ಸರಿಯಾಗೇ ಕಾಣ್ತಾ ಇತ್ತು. ಆದ್ರೆ ಮುಂದೆ ಪಾಯಿಂಟು ತಪ್ಪು ಲೈನಿಗೆ ತಿರುಗಿರೋದನ್ನ ಲೋಕೊ ಪೈಲಟ್ ಕಣ್ಣಾರೆ ನೋಡಿ ರೈಲು ನಿಲ್ಲಿಸಿದ್ರು. ಯಾರಿಗೂ ಏನೂ ಆಗಲಿಲ್ಲ.

ಮರುದಿನವೇ ನೈಋತ್ಯ ರೈಲ್ವೆಯ ಪ್ರಧಾನ ಮುಖ್ಯ ಕಾರ್ಯಾಚರಣೆ ವ್ಯವಸ್ಥಾಪಕರು ಪತ್ರ ಬರೆದರು. ಸಿಗ್ನಲ್ ಕೊಟ್ಟು ರೈಲು ಹೊರಟ ಮೇಲೆ ದಾರಿ ಬದಲಾಗೋದು ಇಂಟರ್‌ಲಾಕಿಂಗ್‌ನ ಮೂಲ ತತ್ವಕ್ಕೇ ವಿರುದ್ಧ, ವ್ಯವಸ್ಥೆಯಲ್ಲಿ ಗಂಭೀರ ದೋಷ ಇದೆ, ಸರಿಪಡಿಸಬೇಕು ಅಂತ ಅದರಲ್ಲಿತ್ತು. ಆ ಪತ್ರ ದೊಡ್ಡ ಸುದ್ದಿಯಾದದ್ದು ಬಾಲಸೋರ್ ಆದ ಮೇಲೆ. ಜೂನ್ 5ರಂದು ಮಲ್ಲಿಕಾರ್ಜುನ ಖರ್ಗೆಯವರು ಪ್ರಧಾನಿಗೆ ಬರೆದ ಪತ್ರದಲ್ಲೂ ಮೈಸೂರು ವಿಭಾಗದ ಈ ಎಚ್ಚರಿಕೆಯ ಮಾತು ಬಂತು.

ಇಂಥದ್ದು ಇನ್ನೊಂದೂ ಇತ್ತು. ಬಾಲಸೋರ್ ಇರೋ ಖರಗ್‌ಪುರ ವಿಭಾಗದಲ್ಲೇ, ಬಾಂಕ್ರಾನಯಾಬಾಜ್ ಅನ್ನೋ ಸ್ಟೇಷನ್ನಿನಲ್ಲಿ 2022ರ ಮೇ 16ರಂದು ತಪ್ಪು ವೈರಿಂಗ್ ಮತ್ತು ಕೇಬಲ್ ದೋಷದಿಂದ ಇದೇ ಥರದ ಘಟನೆ ಆಗಿತ್ತು. ಆಗಲೇ ಸರಿಪಡಿಸೋ ಕ್ರಮ ತಗೊಂಡಿದ್ರೆ ಬಹನಗಾ ಅಪಘಾತ ಆಗ್ತಿರಲಿಲ್ಲ ಅಂತ ತನಿಖಾ ವರದಿ ಹೇಳಿತು.

ಈಗ ಮೊದಲ ಮೂರು ದಿನದ ಮಾತುಗಳನ್ನ ಇನ್ನೊಮ್ಮೆ ನೋಡಿ. ಮಸೀದಿ, ಶುಕ್ರವಾರ, ಓಡಿಹೋದ ಸ್ಟೇಷನ್ ಮಾಸ್ಟರ್, ಕಲ್ಲಿಟ್ಟ ಹುಡುಗ. ಎಲ್ಲವೂ "ಯಾರು ಮಾಡಿದ್ರು" ಅನ್ನೋ ಪ್ರಶ್ನೆಗೆ ಉತ್ತರ. "ಇದು ಮೊದಲೇ ಎಲ್ಲಾದ್ರೂ ಆಗಿತ್ತಾ, ಯಾರಾದ್ರೂ ಎಚ್ಚರಿಸಿದ್ರಾ, ಆ ಎಚ್ಚರಿಕೆ ಏನಾಯ್ತು" ಅನ್ನೋ ಪ್ರಶ್ನೆ ಅಷ್ಟು ಜೋರಾಗಿ ಕೇಳಲಿಲ್ಲ. ಜೀವ ಉಳಿಸೋ ಪ್ರಶ್ನೆ ಇದೇ ಆಗಿತ್ತು. ವದಂತಿ ಒಂದು ಸಮುದಾಯಕ್ಕೆ ಮಾಡೋ ಅನ್ಯಾಯ ದೊಡ್ಡದು. ಅದರ ಜೊತೆಗೆ ಇನ್ನೊಂದು ನಷ್ಟವೂ ಆಗುತ್ತೆ: ನಿಜವಾಗಿ ಉತ್ತರ ಕೊಡಬೇಕಾದವರಿಗೆ ಅದು ಪುಕ್ಕಟೆ ರಜೆ ಕೊಡುತ್ತೆ.

ಹೊಸದುರ್ಗ ರೋಡಿನಲ್ಲಿ ಹೆಣ ಬೀಳಲಿಲ್ಲ, ಹಾಗಾಗಿ ಕ್ಯಾಮೆರಾ ಬರಲಿಲ್ಲ. ಆದ್ರೆ ಪಾಠದ ಲೆಕ್ಕದಲ್ಲಿ ಅದು ಬಾಲಸೋರ್‌ನಷ್ಟೇ ದೊಡ್ಡ ಸುದ್ದಿ. ಅಷ್ಟೇ ಅಲ್ಲ, ನಾಲ್ಕು ತಿಂಗಳು ಮೊದಲೇ ಬಂದ ಸುದ್ದಿ.

5. ಹಾಗಾದ್ರೆ ವಿಧ್ವಂಸಕ ಕೃತ್ಯ ಅನ್ನೋದು ಯಾವಾಗಲೂ ಸುಳ್ಳೇ?

ಅಲ್ಲ. ಇಲ್ಲಿಗೆ ನಿಲ್ಲಿಸಿದ್ರೆ ಲೇಖನ ಅರ್ಧ ಸತ್ಯ ಹೇಳಿದ ಹಾಗಾಗುತ್ತೆ. ಅದಕ್ಕೇ ಎರಡನೇ ಉದಾಹರಣೆ.

2024ರ ಅಕ್ಟೋಬರ್ 11ರ ರಾತ್ರಿ ಸುಮಾರು ಎಂಟೂವರೆ. ಮೈಸೂರಿನಿಂದ ದರ್ಭಂಗಾಕ್ಕೆ ಹೊರಟಿದ್ದ ಬಾಗ್‌ಮತಿ ಎಕ್ಸ್‌ಪ್ರೆಸ್ ಚೆನ್ನೈ ಹತ್ತಿರದ ಕವರೈಪೇಟೈ ಸ್ಟೇಷನ್ನಿನಲ್ಲಿ ಮೇನ್ ಲೈನಿನಲ್ಲಿ ಹೋಗಬೇಕಿತ್ತು. ಸಿಗ್ನಲ್ಲೂ ಅದಕ್ಕೇ ಇತ್ತು. ರೈಲು ಲೂಪ್ ಲೈನಿಗೆ ಹೋಗಿ ನಿಂತಿದ್ದ ಗೂಡ್ಸ್ ರೈಲಿಗೆ ಬಡಿಯಿತು. ಬೋಗಿಗಳು ಹಳಿ ತಪ್ಪಿದವು, ಹಲವರಿಗೆ ಗಾಯ ಆಯ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ಕೇಳಿದ ತಕ್ಷಣ ಏನನ್ಸುತ್ತೆ? ಬಾಲಸೋರ್‌ನ ಪಡಿಯಚ್ಚು. ವಿರೋಧ ಪಕ್ಷದ ನಾಯಕರು ಮರುದಿನವೇ ಹಾಗೆ ಹೇಳಿದ್ರು. ಬಾಲಸೋರ್‌ನ ಪಾಠ ಓದಿದ ಯಾರಿಗಾದ್ರೂ "ಮತ್ತೆ ಸಿಗ್ನಲ್ ವೈರಿಂಗ್" ಅಂತ ಹೇಳೋಕೆ ನಾಲಿಗೆ ತುರಿಸುತ್ತೆ. ಇನ್ನೊಂದು ಕಡೆ ರಾಷ್ಟ್ರೀಯ ತನಿಖಾ ದಳದವರೂ ಸ್ಥಳಕ್ಕೆ ಬಂದ್ರು, ವಿಧ್ವಂಸಕ ಕೃತ್ಯದ ಮಾತೂ ಶುರುವಾಯ್ತು.

ರೈಲ್ವೆ ಸುರಕ್ಷತಾ ಆಯುಕ್ತರ ತೀರ್ಮಾನ ಹೊರಬಂದದ್ದು 2025ರ ಜುಲೈನಲ್ಲಿ, ಸುಮಾರು ಒಂಬತ್ತು ತಿಂಗಳ ಮೇಲೆ. ಪಾಯಿಂಟಿನ ಯಾಂತ್ರಿಕ ಭಾಗಗಳನ್ನ ಬಿಚ್ಚಿ ತೆಗೆದಿದ್ದರಿಂದ ಅಪಘಾತ ಆಯ್ತು, ಇದು ವಿಧ್ವಂಸಕ ಕೃತ್ಯ ಅಂತ ಅದರಲ್ಲಿತ್ತು.

ಎರಡನ್ನೂ ಜೋಡಿಸಿ ನೋಡಿ. ಹೊರಗಿನಿಂದ ಎರಡೂ ಒಂದೇ ಥರ: ಹಸಿರು ಸಿಗ್ನಲ್, ಲೂಪ್ ಲೈನ್, ನಿಂತ ಗೂಡ್ಸ್. ಒಂದರಲ್ಲಿ ವಿಧ್ವಂಸಕ ಕೃತ್ಯ ಅಂತ ಕೂಗಿದವರು ತಪ್ಪಾದ್ರು, ಇನ್ನೊಂದರಲ್ಲಿ ಸಿಗ್ನಲ್ ದೋಷ ಅಂತ ಕೂಗಿದವರು ತಪ್ಪಾದ್ರು. ಅಂದ್ರೆ ಯಾವ ಪಕ್ಷದ ಊಹೆ ಒಳ್ಳೇದು ಅನ್ನೋದು ಪ್ರಶ್ನೆಯೇ ಅಲ್ಲ. ಮೊದಲ ದಿನ ಗೊತ್ತಿರೋದು ರೈಲು ಎಲ್ಲಿ ಹೋಯ್ತು ಅನ್ನೋದು ಮಾತ್ರ. ಯಾಕೆ ಹೋಯ್ತು ಅನ್ನೋದಕ್ಕೆ ಬೋಲ್ಟು, ಕೇಬಲ್ಲು, ಡೇಟಾ ನೋಡಬೇಕು. ಮೊದಲ ದಿನ ಒಬ್ಬರ ಊಹೆ ನಿಜವಾದ್ರೂ ಅದು ಮಟಕಾದಲ್ಲಿ ನಂಬರ್ ಬಂದ ಹಾಗೆ, ಜ್ಞಾನ ಅಲ್ಲ.

6. ತನಿಖೆಗೆ ಯಾಕೆ ಅಷ್ಟು ದಿನ?

"ಇಷ್ಟು ತಡ ಅಂದ್ರೆ ಏನೋ ಮುಚ್ಚಿಡ್ತಿದ್ದಾರೆ" ಅನ್ನೋದು ಸಾಮಾನ್ಯ ಮಾತು. ತನಿಖೆಯ ಕೆಲಸ ಸ್ವಲ್ಪ ಗೊತ್ತಿದ್ರೆ ಆ ಅನುಮಾನವನ್ನ ಸರಿಯಾದ ಜಾಗದಲ್ಲಿ ಇಡಬಹುದು.

ಪ್ರಯಾಣಿಕರ ರೈಲಿನಲ್ಲಿ ಜೀವಹಾನಿ ಆದ್ರೆ 1989ರ ರೈಲ್ವೆ ಕಾಯ್ದೆಯ ಪ್ರಕಾರ ರೈಲ್ವೆ ಸುರಕ್ಷತಾ ಆಯುಕ್ತರು ತನಿಖೆ ಮಾಡ್ತಾರೆ. ಇವರು ರೈಲ್ವೆ ಸಚಿವಾಲಯದ ಕೆಳಗೆ ಬರೋದಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಬರ್ತಾರೆ. ರೈಲು ಓಡಿಸೋರೇ ತಮ್ಮ ತಪ್ಪು ತಾವೇ ಅಳೆಯಬಾರದು ಅಂತ ಈ ವ್ಯವಸ್ಥೆ. ತನಿಖೆ ಶುರು ಮಾಡೋವಾಗ, ಅಪಘಾತದ ಬಗ್ಗೆ ಗೊತ್ತಿರೋರು ಬಂದು ಹೇಳಿಕೆ ಕೊಡಬಹುದು ಅಂತ ಸಾರ್ವಜನಿಕರಿಗೂ ಪ್ರಕಟಣೆ ಕೊಡ್ತಾರೆ. ಅಂದ್ರೆ ಕಣ್ಣಾರೆ ಕಂಡವರ ಮಾತಿಗೆ ಒಂದು ಜಾಗ ಇದೆ, ಗ್ರೂಪಿಗೆ ಫಾರ್ವರ್ಡ್ ಮಾಡೋದೊಂದೇ ದಾರಿ ಅಲ್ಲ.

ಹಳಿ ತಪ್ಪಿದ ಜಾಗದಲ್ಲಿ ಅವರು ಏನು ಹುಡುಕ್ತಾರೆ? ನಮ್ಮ ಬ್ರಾಡ್‌ಗೇಜಿನಲ್ಲಿ ಎರಡು ಹಳಿಯ ನಡುವಿನ ಅಂತರ 1676 ಮಿಲಿಮೀಟರ್. ಚಕ್ರದ ಒಳ ಅಂಚಿನಲ್ಲಿ ಒಂದು ಕಟ್ಟೆ ಥರ ಇರುತ್ತೆ, ಅದೇ ಫ್ಲಾಂಜ್. ಚಕ್ರವನ್ನ ಪಕ್ಕಕ್ಕೆ ತಳ್ಳೋ ಬಲ ಹೆಚ್ಚಾಗಿ, ಮೇಲಿಂದ ಒತ್ತೋ ಭಾರ ಕಡಿಮೆಯಾದ್ರೆ ಫ್ಲಾಂಜ್ ಹಳಿ ಹತ್ತುತ್ತೆ. ಹೀಗೆ ಹತ್ತಿದ್ರೆ ಹಳಿಯ ತಲೆ ಮೇಲೆ ಗೀರು ಬಿದ್ದಿರುತ್ತೆ: ಹತ್ತಿದ ಜಾಗದಿಂದ ಆಚೆ ಬಿದ್ದ ಜಾಗದವರೆಗೆ. ಗೀರು ಉದ್ದ ಇದ್ರೆ ಚಕ್ರ ನಿಧಾನಕ್ಕೆ ಹತ್ತಿದೆ, ಹಳಿಯ ಅಳತೆಯನ್ನೋ ಬೋಗಿಯ ಸ್ಪ್ರಿಂಗನ್ನೋ ಅನುಮಾನಿಸಬೇಕು. ಗೀರೇ ಇಲ್ಲದಿದ್ರೆ ಏನೋ ಒಮ್ಮೆಲೇ ಆಗಿದೆ: ಹಳಿ ಒಡೆದಿರಬಹುದು, ಅಡ್ಡ ಏನೋ ಇದ್ದಿರಬಹುದು. ಹಳಿ ಒಡೆದಿದ್ರೂ ಅದು ಅಪಘಾತಕ್ಕೆ ಮೊದಲೇ ಒಡೆದಿತ್ತಾ, ಅಪಘಾತದ ಹೊಡೆತಕ್ಕೆ ಒಡೆಯಿತಾ ಅಂತ ಒಡೆದ ಮುಖ ನೋಡಿ ಹೇಳಬೇಕು. ಹಳೇ ಬಿರುಕಿಗೆ ತುಕ್ಕಿನ ಬಣ್ಣ ಇರುತ್ತೆ, ಹೊಸದು ಹೊಳೀತಿರುತ್ತೆ. ಟಿವಿಯಲ್ಲಿ ತೋರಿಸೋ ಒಡೆದ ಹಳಿ ಎಷ್ಟೋ ಸಲ ಕಾರಣವೇ ಅಲ್ಲ, ಪರಿಣಾಮ.

ಇದರ ಮೇಲೆ ಎಂಜಿನ್ನಿನ ವೇಗದ ದಾಖಲೆ, ಸ್ಟೇಷನ್ನಿನ ಡೇಟಾ ಲಾಗರ್, ಹೇಳಿಕೆಗಳು. ಯಾವ ರಿಲೇ ಯಾವ ಕ್ಷಣಕ್ಕೆ ಎದ್ದಿತು ಬಿದ್ದಿತು ಅಂತ ಡೇಟಾ ಲಾಗರ್ ಬರೆದಿಟ್ಟಿರುತ್ತೆ. ಇದನ್ನೆಲ್ಲ ಒಂದಕ್ಕೊಂದು ತಾಳೆ ಹಾಕೋಕೆ ವಾರ, ತಿಂಗಳು ಬೇಕೇ ಬೇಕು.

ಆದ್ರೆ ಇಲಾಖೆಯದ್ದೂ ಒಂದು ತಪ್ಪಿದೆ. ಇಂಥ ವರದಿಗಳು ಪೂರ್ತಿಯಾಗಿ ಜನರ ಕೈಗೆ ಸಿಗೋದು ಅಪರೂಪ. ಬಾಲಸೋರ್ ವರದಿಯ ಎಷ್ಟೋ ವಿವರ ಹೊರಬಂದದ್ದು ಪತ್ರಿಕೆಯವರ ಕೈಗೆ ಸೋರಿ ಬಂದ ಮೇಲೆ. ಅಧಿಕೃತ ಮಾತು ಬರದ ಜಾಗದಲ್ಲಿ ಅನಧಿಕೃತ ಮಾತು ಬೆಳೆಯುತ್ತೆ. ವದಂತಿ ಹಬ್ಬಿಸಬೇಡಿ ಅಂತ ಜನಕ್ಕೆ ಹೇಳೋ ಸರ್ಕಾರ, ತನಗೆ ಗೊತ್ತಾದದ್ದನ್ನ ಜನರ ಭಾಷೆಯಲ್ಲಿ ಬೇಗ ಹೇಳಬೇಕು.

7. ನೋವು ಯಾರಿಗೆ?

ಈಗ ಆ ಜನರಲ್ ಬೋಗಿಗೆ ವಾಪಸ್ ಬರೋಣ. ರಿಸರ್ವೇಶನ್ ಇದ್ದವರ ಹೆಸರು ಚಾರ್ಟಿನಲ್ಲಿ ಇರುತ್ತೆ. ಜನರಲ್ ಬೋಗಿಯವರ ಹೆಸರು ಎಲ್ಲೂ ಇರೋದಿಲ್ಲ. ಬಾಲಸೋರ್‌ನಲ್ಲಿ ಅಂಥವರಲ್ಲಿ ಎಷ್ಟೋ ಜನ ಕೂಲಿಗೆ ಅಂತ ದಕ್ಷಿಣಕ್ಕೆ ಹೊರಟವರು, ಇಲ್ಲಾ ಬೆಂಗಳೂರಿನಲ್ಲಿ ದುಡಿದು ಊರಿಗೆ ಮರಳ್ತಿದ್ದವರು. ಮನೆಯವರ ಹತ್ತಿರ ಟಿಕೆಟ್ ನಂಬರಿಲ್ಲ, ಬೋಗಿ ನಂಬರಿಲ್ಲ. ಇದ್ದದ್ದು ಟಿವಿ ಮತ್ತು ಫೋನು. ಶವದ ಫೋಟೋಗಳನ್ನ ಸಾಲಾಗಿ ನೋಡ್ತಾ ಗುರುತು ಹಿಡಿಯಬೇಕಾಯ್ತು, ಡಿಎನ್‌ಎ ಹೊಂದಾಣಿಕೆಗೆ ಕಾಯಬೇಕಾಯ್ತು. ಕೊನೆಗೂ ಯಾರೂ ಬಾರದ 28 ಶವಗಳಿಗೆ ಭುವನೇಶ್ವರದಲ್ಲಿ ಅಂತ್ಯಕ್ರಿಯೆ ಆದದ್ದು ಅಕ್ಟೋಬರ್‌ನಲ್ಲಿ, ನಾಲ್ಕು ತಿಂಗಳ ಮೇಲೆ. ಅಷ್ಟೊತ್ತಿಗೆ ನಮ್ಮ ಗ್ರೂಪುಗಳು ಬೇರೆ ಎಷ್ಟೋ ವಿಷಯಕ್ಕೆ ಹೋಗಿಯಾಗಿತ್ತು.

ನಮ್ಮ ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಕಡೆಯಿಂದಲೂ ಗುಳೆ ಹೋಗೋರಿದ್ದಾರೆ. ಮುಂಬೈ, ಗೋವಾ, ಬೆಂಗಳೂರು, ಎಲ್ಲಿಗೋ. ಅವರೂ ಹತ್ತೋದು ಅದೇ ಜನರಲ್ ಬೋಗಿ. ನಾಳೆ ಆ ಮಾರ್ಗದಲ್ಲಿ ಏನಾದ್ರೂ ಆದ್ರೆ ಊರಿನ ಗ್ರೂಪಿನಲ್ಲಿ ಒಬ್ಬ ಅವ್ವ ಮಗನ ಸುದ್ದಿ ಹುಡುಕ್ತಾ ಇರ್ತಾಳೆ. ಆ ಹೊತ್ತಿಗೆ ಅವಳಿಗೆ ಬೇಕಾಗಿರೋದು ಯಾವ ರೈಲು, ಯಾವ ಬೋಗಿ, ಸಹಾಯವಾಣಿ ನಂಬರ್ ಏನು, ಗಾಯಾಳುಗಳನ್ನ ಯಾವ ಆಸ್ಪತ್ರೆಗೆ ಒಯ್ದಿದ್ದಾರೆ ಅನ್ನೋದು. ಅದರ ಮೇಲೆ ನೂರು ಫಾರ್ವರ್ಡ್ ಬಿದ್ರೆ ಬೇಕಾದ ಒಂದು ಮೆಸೇಜು ಕೆಳಗೆ ಹೂತುಹೋಗುತ್ತೆ.

8. ಮೊದಲ ದಿನ ಕೇಳಬೇಕಾದ ಆರು ಪ್ರಶ್ನೆ

ಇವನ್ನ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

1. ಇದು ಕಂಡ ವಿಷಯವೋ, ಕಾರಣವೋ? "ರೈಲು ಲೂಪ್ ಲೈನಿಗೆ ಹೋಯ್ತು" ಅನ್ನೋದು ಕಂಡದ್ದು. "ಯಾರೋ ತಿರುಗಿಸಿದ್ರು" ಅನ್ನೋದು ಕಾರಣ. ಮೊದಲ ದಿನ ಮೊದಲನೇದನ್ನ ಮಾತ್ರ ತಗೊಳ್ಳಿ.

2. ಯಾರು ಹೇಳಿದ್ದು? "ಮೂಲಗಳ ಪ್ರಕಾರ" ಅಂದ್ರೆ ಯಾವ ಮೂಲ? ಅವರು ಸ್ಥಳದಲ್ಲಿದ್ರಾ?

3. ವಿಡಿಯೋ ಯಾವಾಗಿನದು, ಎಲ್ಲಿಯದು? ಒಂದು ಫ್ರೇಮ್ ತೆಗೆದು ಗೂಗಲ್‌ನಲ್ಲಿ ಚಿತ್ರ ಹುಡುಕೋಕೆ ಎರಡು ನಿಮಿಷ ಸಾಕು. ಕಲಬುರಗಿ ವಿಡಿಯೋ ಹಳೇದು ಅಂತ ಎಷ್ಟೋ ಜನಕ್ಕೆ ಅಷ್ಟರಲ್ಲೇ ಗೊತ್ತಾಗ್ತಿತ್ತು.

4. ನಿಜವಾಗಿದ್ರೂ ಇದರಿಂದ ಏನು ಸಾಬೀತಾಗುತ್ತೆ? ಬಿಳಿ ಕಟ್ಟಡವನ್ನ ನೆನಪಿಸಿಕೊಳ್ಳಿ.

5. ಸಂಖ್ಯೆ ಯಾವ ಹೊತ್ತಿನದು? ಸಾವಿನ ಲೆಕ್ಕ ಹಂಚೋದಾದ್ರೆ ಹೇಳಿದವರ ಹೆಸರು, ಗಂಟೆ ಸೇರಿಸಿ ಹಂಚಿ. ನಾಳೆ ಬದಲಾದ್ರೆ ಗಾಬರಿಯಾಗೋದಿಲ್ಲ.

6. ಇದು ಮೊದಲೇ ಎಲ್ಲಾದ್ರೂ ಆಗಿತ್ತಾ? ಮೊದಲ ದಿನ ಇದಕ್ಕೆ ಉತ್ತರ ಸಿಗದಿರಬಹುದು. ಒಂದು ತಿಂಗಳ ಮೇಲೆ, ಮೂರು ತಿಂಗಳ ಮೇಲೆ ಮತ್ತೆ ಕೇಳಿ. ಫೋನಿನಲ್ಲಿ ರಿಮೈಂಡರ್ ಇಟ್ಟರೂ ತಪ್ಪಿಲ್ಲ.

ಮಾಡಿ ನೋಡಿ

ಸಂಘದ ಮುಂದಿನ ಸಭೆಗೆ ಇಬ್ಬಿಬ್ಬರು ಸೇರಿ ಒಂದು ಕೆಲಸ ಮಾಡಿಕೊಂಡು ಬನ್ನಿ. ಯಾವುದಾದ್ರೂ ಒಂದು ರೈಲು ಅಪಘಾತ ಆರಿಸಿಕೊಳ್ಳಿ. ಮೊದಲ ಎರಡು ದಿನದ ಕನ್ನಡ ಪತ್ರಿಕೆಗಳನ್ನ ಲೈಬ್ರರಿಯಲ್ಲಿ ತೆಗೆದು, ಒಂದು ಹಾಳೆಯ ಎಡಗಡೆ ಅವತ್ತು ಹೇಳಿದ ಕಾರಣಗಳನ್ನ ಬರೀರಿ. ಬಲಗಡೆ ತನಿಖೆ ಹೇಳಿದ ಕಾರಣ ಬರೀರಿ. ಆಮೇಲೆ ಹಾಳೆ ತಿರುಗಿಸಿ, ಆ ತಾಂತ್ರಿಕ ಕಾರಣವನ್ನ ನಿಮ್ಮ ಊರಿನ ಒಬ್ಬರಿಗೆ ಅರ್ಥ ಆಗೋ ಹಾಗೆ ಹತ್ತು ಸಾಲಿನಲ್ಲಿ ಕನ್ನಡದಲ್ಲಿ ಬರೀರಿ. ರಿಲೇ, ಪಾಯಿಂಟು, ಸರ್ಕೀಟು ಅನ್ನೋ ಪದ ಹಾಗೇ ಇರಲಿ, ಪರವಾಗಿಲ್ಲ. ವಾಕ್ಯ ಕನ್ನಡದ್ದಾಗಿರಲಿ.

ಕಷ್ಟದ ಭಾಗ ಕೊನೇದೇ, ನಾವೂ ಈ ಲೇಖನದ ಇಂಟರ್‌ಲಾಕಿಂಗ್ ಪ್ಯಾರಾ ಐದು ಸಲ ತಿದ್ದಿ ಬರೆದದ್ದು. ಆದ್ರೆ ಆ ಹತ್ತು ಸಾಲು ಕೈಯಲ್ಲಿದ್ರೆ, ಊರಿನ ಕಾಕಾ "ಹೆಂಗಾತಂತ ಹೇಳು" ಅಂದಾಗ, ಮೊದಲ ದಿನವಾದ್ರೆ "ಇನ್ನೂ ಯಾರಿಗೂ ಗೊತ್ತಿಲ್ಲ ಕಾಕಾ, ಈಗ ಗೊತ್ತಿರೋದು ಇಷ್ಟು" ಅನ್ನಬಹುದು. ವರದಿ ಬಂದ ಮೇಲಾದ್ರೆ ಕುಂತು ಪೂರ್ತಿ ಹೇಳಬಹುದು.